ಕೆನಡಾದಲ್ಲಿ ಮಗನ ಮದುವೆ, ಇನ್ನೊಬ್ಬ ಹುಡುಗನ ಜೊತೆ: ತಾಯಿ ಹೋದರೆ ಪಾಪವೇ?

ಓದುಗರ ಪ್ರಶ್ನೆ:

ಮೇಡಂ, ನನಗೆ 58 ವರ್ಷ. ಮಂಗಳೂರಿನ ಹತ್ತಿರದ ಹಳ್ಳಿಯ ಕೆಥೋಲಿಕ್ ಕುಟುಂಬ ನಮ್ಮದು. ಒಬ್ಬ ಮಗ, ಒಬ್ಬಳು ಮಗಳು. ಮಗ ಟೊರೊಂಟೊದಲ್ಲಿ ಎಂಜಿನಿಯರ್. ಹೋದ ಕ್ರಿಸ್ಮಸ್‌ಗೆ ಊರಿಗೆ ಬಂದವನು, ತಾನು ಗೇ, ಅಲ್ಲಿಯ ಒಬ್ಬ ಹುಡುಗನ ಜೊತೆ ನಾಲ್ಕು ವರ್ಷದಿಂದ ಇದ್ದೇನೆ ಎಂದು ಹೇಳಿದ. ಬರುವ ಸೆಪ್ಟೆಂಬರಿನಲ್ಲಿ ಇಬ್ಬರೂ ಅಲ್ಲಿಯ ಸಿಟಿ ಹಾಲ್‌ನಲ್ಲಿ ಮದುವೆಯಾಗುತ್ತಾರಂತೆ. ಸಾಕ್ಷಿಯಾಗಿ ನೀನೇ ಸಹಿ ಹಾಕಬೇಕು ಎಂದು ನನ್ನನ್ನು ಕೇಳಿದ್ದಾನೆ. ಅವತ್ತಿನಿಂದ ಅವನ ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದಾರೆ. ನಾನು ಪೂಜೆಗೆ ಹೋಗುತ್ತೇನೆ, ಆದರೆ ಪರಮಪ್ರಸಾದಕ್ಕೆ ಎದ್ದು ಹೋಗುವುದಿಲ್ಲ. ಅವನು ಚಿಕ್ಕವನಿದ್ದಾಗ ಅಪ್ಪ ದುಬೈಯಲ್ಲಿದ್ದರು, ನಾನೊಬ್ಬಳೇ ಬೆಳೆಸಿದೆ. ಅದಕ್ಕೇ ಹೀಗಾಯಿತಾ? ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರೆ ಸರಿಹೋಗುತ್ತದೆ ಎಂದು ನಾದಿನಿ ಹೇಳುತ್ತಾಳೆ. ಪೋಪರೇ ಒಪ್ಪಿದ್ದಾರೆ ಎಂದು ಮಗಳು ಹೇಳುತ್ತಾಳೆ. ನಾನು ಈ ಮದುವೆಗೆ ಹೋದರೆ ಪಾಪವೇ? ಚರ್ಚಿನಿಂದ ಹೊರಗೆ ಹಾಕುತ್ತಾರಾ? ಸತ್ತರೆ ನಮ್ಮ ಚರ್ಚಿನ ಸ್ಮಶಾನದಲ್ಲಿ ಜಾಗ ಸಿಗುತ್ತದಾ? ಮಗಳಿಗೆ ಸಂಬಂಧ ನೋಡುತ್ತಿದ್ದೇವೆ, ಅದಕ್ಕೆ ತೊಂದರೆಯಾಗುತ್ತದಾ? ಈ ಮದುವೆ ನಮ್ಮ ದೇಶದಲ್ಲಿ ನಡೆಯುತ್ತದಾ? ಯಾರ ಹತ್ತಿರವೂ ಕೇಳಲು ಆಗದೆ ನಿಮಗೆ ಬರೆಯುತ್ತಿದ್ದೇನೆ.

ಹೆಸರು ಬೇಡ, ದಕ್ಷಿಣ ಕನ್ನಡ

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆ ತುಂಬಾ ಇದ್ದರೂ ನಿಮ್ಮನ್ನು ನಿದ್ದೆ ಮಾಡಲು ಬಿಡದಿರುವುದು ಒಂದೇ ಎಂದು ನನಗೆ ಅನ್ನಿಸುತ್ತದೆ. ಮಗನನ್ನು ಹಿಡಿದರೆ ದೇವರು ಬಿಟ್ಟುಹೋಗುತ್ತಾನಾ, ದೇವರನ್ನು ಹಿಡಿದರೆ ಮಗ ಬಿಟ್ಟುಹೋಗುತ್ತಾನಾ ಎಂಬ ಭಯ ಅದು. ನಾನೂ ಇದೇ ಕರಾವಳಿಯವಳು, ಚರ್ಚಿಗೆ ಹೋಗುವವಳು. ಆಪ್ತಸಮಾಲೋಚಕಿಯಾಗಿ ಇಂಥ ಮನೆಗಳನ್ನು ತುಂಬಾ ನೋಡಿದ್ದೇನೆ. ತಾಯಂದಿರು ಬಂದು ಕೂತ ತಕ್ಷಣ ಕೇಳುವುದು ಹೆಚ್ಚುಕಮ್ಮಿ ಇದನ್ನೇ.

ನಿಮ್ಮ ಮನಸ್ಸಿನಲ್ಲಿ ಮೂರು ವಿಷಯ ಒಂದಕ್ಕೊಂದು ಸುತ್ತಿಕೊಂಡಿವೆ. ಚರ್ಚು ಯಾವುದನ್ನು ಮದುವೆ ಎನ್ನುತ್ತದೆ ಎಂಬುದು ಒಂದು. ಸರ್ಕಾರ ಯಾವುದನ್ನು ಮದುವೆ ಎನ್ನುತ್ತದೆ ಎಂಬುದು ಇನ್ನೊಂದು. ನಿಮ್ಮ ಮಗ ನಿಮ್ಮ ಮಗನಾಗಿ ಉಳಿಯುತ್ತಾನಾ ಎಂಬುದು ಮೂರನೆಯದು. ಮೊದಲ ಎರಡಕ್ಕೆ ಉತ್ತರ ರೋಮಿನಲ್ಲಿ, ದೆಹಲಿಯಲ್ಲಿ, ಕೆನಡಾದ ರಾಜಧಾನಿ ಒಟ್ಟಾವದಲ್ಲಿ ಇದೆ. ಅದನ್ನು ಬದಲಾಯಿಸುವುದು ನಿಮ್ಮ ಕೈಯಲ್ಲಿಲ್ಲ. ಮೂರನೆಯದು ಪೂರ್ತಿ ನಿಮ್ಮ ಮನೆಯದು. ಮೊದಲ ಎರಡು ತೀರ್ಮಾನವಾಗುವ ತನಕ ಅದನ್ನು ಕಾಯಿಸಬೇಕಾಗಿಲ್ಲ.

ಮೊದಲು ನಿಮ್ಮ ಎದೆ ಮೇಲಿನ ಭಾರ ಇಳಿಸೋಣ. ಅಪ್ಪ ದೂರ ಇದ್ದು, ಅಮ್ಮ ಜಾಸ್ತಿ ಹತ್ತಿರ ಇದ್ದರೆ ಮಗ ಗೇ ಆಗುತ್ತಾನೆ ಎಂಬ ಮಾತನ್ನು 1950, 60ರ ದಶಕದಲ್ಲಿ ಅಮೆರಿಕದ ಕೆಲವು ಮನೋವಿಶ್ಲೇಷಕರು ಹರಡಿದರು. ಚಿಕಿತ್ಸೆಗೆ ಅಂತ ತಮ್ಮ ಹತ್ತಿರ ಬಂದವರನ್ನು ಮಾತ್ರ ನೋಡಿ ಹೇಳಿದ್ದು ಅದು. ಆಮೇಲೆ ಸರಿಯಾಗಿ ಪರೀಕ್ಷೆ ಮಾಡಿದಾಗ ಅದು ನಿಲ್ಲಲಿಲ್ಲ. ನಮ್ಮ ಊರನ್ನೇ ನೋಡಿ. ಅಪ್ಪ ಗಲ್ಫ್‌ನಲ್ಲಿ, ಅಮ್ಮ ಒಬ್ಬಳೇ ಮಕ್ಕಳನ್ನು ಬೆಳೆಸಿದ ಮನೆ ಎಷ್ಟಿಲ್ಲ ಇಲ್ಲಿ? ಆ ಮಾತು ನಿಜವಾಗಿದ್ದರೆ ಕುಂದಾಪುರದಿಂದ ಕಾಸರಗೋಡಿನ ತನಕ ಅರ್ಧ ಗಂಡುಮಕ್ಕಳು ಗೇ ಆಗಿರಬೇಕಿತ್ತು, ಅಲ್ವಾ?

ಹಾಗಾದರೆ ಕಾರಣ ಏನು? ಒಂದೇ ಕಾರಣ ಇಲ್ಲ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸುಮಾರು 4.7 ಲಕ್ಷ ಜನರ ವಂಶವಾಹಿಗಳನ್ನು ನೋಡಿದ ಅಧ್ಯಯನ ಬಂತು. ‘ಗೇ ಜೀನ್’ ಅಂತ ಒಂದು ಇಲ್ಲ, ಸಣ್ಣ ಸಣ್ಣ ಪ್ರಭಾವ ಬೀರುವ ಎಷ್ಟೋ ಜೀನ್‌ಗಳು ಇವೆ, ಅವುಗಳಿಂದ ಒಬ್ಬ ವ್ಯಕ್ತಿಯ ಬಗ್ಗೆ ಭವಿಷ್ಯ ಹೇಳಲು ಆಗುವುದಿಲ್ಲ ಎಂದು ಅದರಲ್ಲಿ ಕಂಡಿತು. ಹುಟ್ಟುವ ಮೊದಲು ಗರ್ಭದಲ್ಲಿ ಆಗುವ ಬದಲಾವಣೆಗಳ ಪಾತ್ರವೂ ಇದೆ ಎಂಬುದಕ್ಕೆ ಸುಳಿವುಗಳಿವೆ. ತಂದೆತಾಯಿ ಬೆಳೆಸಿದ ರೀತಿಯಿಂದ ಹೀಗಾಗುತ್ತದೆ ಎಂಬುದಕ್ಕೆ ಮಾತ್ರ ಆಧಾರ ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿತು. ಇದು ಮನೋರೋಗ ಅಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಹೇಳಿದೆ. ನಿಮ್ಮ ಮಗ ಕೆನಡಾಕ್ಕೆ ಹೋಗಿ ಹೀಗಾದದ್ದಲ್ಲ. ಅಲ್ಲಿ ಹೋದ ಮೇಲೆ ಬಾಯಿಬಿಟ್ಟು ಹೇಳುವ ಧೈರ್ಯ ಬಂತು, ಅಷ್ಟೇ. ಯಾವಾಗ ಗೊತ್ತಾಯಿತು ಎಂದು ಅವನನ್ನೇ ಒಮ್ಮೆ ಕೇಳಿ. ಹೆಚ್ಚಿನ ಹುಡುಗರು ಹೈಸ್ಕೂಲಿನ ಕಾಲದ ಕತೆ ಹೇಳುತ್ತಾರೆ. ಅಂದರೆ ನಿಮ್ಮ ಪಕ್ಕದಲ್ಲೇ ಕೂತು ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಹೇಳುತ್ತಿದ್ದ ಕಾಲದಲ್ಲೇ ಅವನು ಇದನ್ನು ಒಬ್ಬನೇ ಹೊತ್ತುಕೊಂಡಿದ್ದ.

ನಿಮ್ಮ ನಾದಿನಿ ಹೇಳಿದ ಪ್ರಾರ್ಥನಾ ಕೂಟದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಪ್ರಾರ್ಥನೆ ಬೇಡ ಎನ್ನುತ್ತಿಲ್ಲ. ನಿಮಗೆ ಸಮಾಧಾನ ಬೇಕು, ಗಂಡನ ಮನಸ್ಸು ಕರಗಬೇಕು, ಇದಕ್ಕೆಲ್ಲ ಖಂಡಿತ ಪ್ರಾರ್ಥಿಸಿ. ಆದರೆ ಇದನ್ನು ‘ಬಿಡಿಸುವ’ ಕೂಟಗಳ ಗತಿ ಏನಾಯಿತು ಎಂದು ತಿಳಿದುಕೊಳ್ಳಿ. ಅಮೆರಿಕದಲ್ಲಿ ‘ಎಕ್ಸೋಡಸ್ ಇಂಟರ್‌ನ್ಯಾಷನಲ್’ ಎಂಬ ದೊಡ್ಡ ಕ್ರೈಸ್ತ ಸಂಸ್ಥೆ ಇತ್ತು. 1976ರಲ್ಲಿ ಶುರುವಾದದ್ದು. ಪ್ರಾರ್ಥನೆ, ಉಪದೇಶ, ಸಮಾಲೋಚನೆಯಿಂದ ಗೇ ಜನರನ್ನು ಬದಲಾಯಿಸುತ್ತೇವೆ ಎಂದು ಮೂವತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿತು. 2013ರ ಜೂನಿನಲ್ಲಿ ಅದರ ಅಧ್ಯಕ್ಷ ಅಲನ್ ಚೇಂಬರ್ಸ್ ತಮ್ಮಿಂದ ನೋವಾದವರ ಕ್ಷಮೆ ಕೇಳಿ ಸಂಸ್ಥೆಯನ್ನೇ ಮುಚ್ಚಿದರು. ತಾವು ಕಂಡವರಲ್ಲಿ ಹೆಚ್ಚುಕಡಿಮೆ ಯಾರ ಒಲವೂ ಬದಲಾಗಿಲ್ಲ ಎಂದು ಅದಕ್ಕೂ ಮೊದಲೇ ಒಪ್ಪಿಕೊಂಡಿದ್ದರು. ಹೀಗೆ ಹೇಳಿದವರು ದೇವರನ್ನು ನಂಬದವರಲ್ಲ, ಅದೇ ಕೆಲಸಕ್ಕೆ ಜೀವನ ಕೊಟ್ಟ ವಿಶ್ವಾಸಿಗಳು.

ಇನ್ನು ಮಾತ್ರೆ, ಹಾರ್ಮೋನ್, ಕರೆಂಟ್ ಶಾಕ್ ಕೊಟ್ಟು ಸರಿ ಮಾಡುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡಿ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಇಂಥ ಚಿಕಿತ್ಸೆ ನಿಲ್ಲಬೇಕು ಎಂದರು. ಅದರ ಬೆನ್ನಿಗೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆಲ್ಲ ಬರೆಯಿತು. ಕೆನಡಾದಲ್ಲಂತೂ 2022ರ ಜನವರಿಯಿಂದ ಇದು ಕ್ರಿಮಿನಲ್ ಅಪರಾಧ.

‘ಒಂದು ಹುಡುಗಿ ಹುಡುಕಿ ಮದುವೆ ಮಾಡಿಸಿ, ಎಲ್ಲ ಸರಿಹೋಗುತ್ತದೆ’ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬೇಕು, ಅಥವಾ ಬೀಳುತ್ತದೆ. ಅದಕ್ಕೆ ಮಾತ್ರ ಒಪ್ಪಬೇಡಿ. ಮೋಸ ಹೋಗುವವಳು ಇನ್ನೊಬ್ಬರ ಮನೆಯ ಹುಡುಗಿ. ಅಂಥ ಮದುವೆಗಳು ಮುರಿದು ಚರ್ಚಿನ ನ್ಯಾಯಮಂಡಳಿಯ ಮುಂದೆ ಬರುತ್ತವೆ. ಅಲ್ಲಿ ಮದುವೆ ಅಸಿಂಧು ಎಂದು ತೀರ್ಪಾದರೂ ಕೋರ್ಟಿನಲ್ಲಿ ಮತ್ತೆ ಕೇಸು ಹಾಕಬೇಕು. ಚರ್ಚಿನ ತೀರ್ಪನ್ನೇ ಕೋರ್ಟುಗಳು ಒಪ್ಪಬೇಕು ಎಂದು ನಮ್ಮ ಮಂಗಳೂರಿನ ಕೆಥೋಲಿಕರೊಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರಲ್ಲಿ ಆ ಅರ್ಜಿ ವಜಾ ಆಯಿತು. ಹಾಗಾಗಿ ಮೋಸ ಹೋದ ಹುಡುಗಿ ವರ್ಷಗಟ್ಟಲೆ ಎರಡು ಕಡೆ ಅಲೆಯುತ್ತಾಳೆ.

ಈಗ ಚರ್ಚಿನ ವಿಷಯ. ಪೋಪರು ಒಪ್ಪಿದ್ದಾರೆ ಎಂಬ ನಿಮ್ಮ ಮಗಳ ಮಾತು ಅರ್ಧ ಸರಿ, ಅರ್ಧ ತಪ್ಪು. ನಿಮಗೆ ಸಮಾಧಾನ ಆಗಲಿ ಎಂದು ಸುಳ್ಳು ಹೇಳಲು ನನಗೆ ಇಷ್ಟವಿಲ್ಲ. ಕೆಥೋಲಿಕ್ ಚರ್ಚು ಸಲಿಂಗ ಮದುವೆಯನ್ನು ಒಪ್ಪಿಲ್ಲ. ಮದುವೆ ಒಂದು ಸಂಸ್ಕಾರ, ಅದು ಒಂದು ಗಂಡು, ಒಂದು ಹೆಣ್ಣಿನ ನಡುವಿನದು, ಮಕ್ಕಳನ್ನು ಹೆರುವುದು ಅದರ ಒಳಗೇ ಸೇರಿದೆ ಎಂಬುದು ಅದರ ಬೋಧನೆ. ಆದಿಕಾಂಡದ ಮೊದಲ ಅಧ್ಯಾಯಗಳನ್ನೂ ಮತ್ತಾಯನ ಶುಭಸಂದೇಶದ 19ನೇ ಅಧ್ಯಾಯವನ್ನೂ ಅದಕ್ಕೆ ಆಧಾರ ಕೊಡುತ್ತದೆ. ಚರ್ಚಿನ ಬೋಧನೆಗಳ ಅಧಿಕೃತ ಪುಸ್ತಕವಾದ ಧರ್ಮೋಪದೇಶದ 2357ನೇ ಪರಿಚ್ಛೇದದಲ್ಲಿ ಸಲಿಂಗಿಗಳ ದೈಹಿಕ ಸಂಬಂಧವನ್ನು ಒಪ್ಪಲು ಆಗದು ಎಂದೇ ಬರೆದಿದೆ. ಅದರ ಭಾಷೆ ಬಿರುಸು. ಆ ಸಾಲು ಓದಿ ಚರ್ಚಿಗೆ ಬರುವುದನ್ನೇ ಬಿಟ್ಟ ಹುಡುಗರನ್ನು ನಾನು ಬಲ್ಲೆ.

ಆದರೆ ಅದರ ಮುಂದಿನದನ್ನು, 2358ನೇ ಪರಿಚ್ಛೇದವನ್ನು, ನಮ್ಮ ಉಪದೇಶಗಳಲ್ಲಿ ಕೇಳುವುದು ಅಪರೂಪ. ಇಂಥವರನ್ನು ಗೌರವದಿಂದ, ಕರುಣೆಯಿಂದ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕು, ಅವರ ವಿಷಯದಲ್ಲಿ ಅನ್ಯಾಯದ ಭೇದಭಾವದ ಸುಳಿವೂ ಇರಬಾರದು ಎಂದು ಅಲ್ಲಿದೆ. ಇದು ಈಚಿನ ಪೋಪರು ಸೇರಿಸಿದ ಮಾತಲ್ಲ. ಪೋಪ್ ಎರಡನೇ ಜಾನ್ ಪಾಲ್ ಕಾಲದಲ್ಲಿ, 1992ರಲ್ಲಿ ಬಂದ ಪುಸ್ತಕದಲ್ಲೇ ಇದು ಇದೆ. ಮಗನ ಜೊತೆ ಮಾತು ಬಿಡುವುದನ್ನು ಚರ್ಚು ಕೇಳಿಲ್ಲ. ನಿಮ್ಮ ಯಜಮಾನರು ಧರ್ಮಕ್ಕಾಗಿ ಮಾಡುತ್ತಿದ್ದೇನೆ ಎಂದುಕೊಂಡಿದ್ದರೆ, ಧರ್ಮದ ಪುಸ್ತಕ ಅವರ ಕಡೆಗಿಲ್ಲ.

ಪೋಪ್ ಫ್ರಾನ್ಸಿಸ್ ಏನು ಮಾಡಿದರು? 2013ರಲ್ಲಿ ವಿಮಾನದಲ್ಲಿ ಪತ್ರಕರ್ತರು ಕೇಳಿದಾಗ, ಅಂಥವನೊಬ್ಬ ಒಳ್ಳೆಯ ಮನಸ್ಸಿನಿಂದ ದೇವರನ್ನು ಹುಡುಕುತ್ತಿದ್ದರೆ ತೀರ್ಪು ಕೊಡಲು ನಾನು ಯಾರು ಎಂದರು. 2023ರ ಜನವರಿಯಲ್ಲಿ, ಸಲಿಂಗಿಯಾಗಿರುವುದು ಅಪರಾಧ ಅಲ್ಲ ಎಂದರು. ಅದೇ ವರ್ಷ ಡಿಸೆಂಬರ್ 18ರಂದು ವ್ಯಾಟಿಕನ್ನಿನಿಂದ ‘ಫಿದೂಚಿಯಾ ಸುಪ್ಲಿಕಾನ್ಸ್’ ಎಂಬ ದಾಖಲೆ ಹೊರಬಿತ್ತು. ಇಂಥ ಜೋಡಿ ಬಂದು ಆಶೀರ್ವಾದ ಕೇಳಿದರೆ ಗುರುಗಳು ಕೊಡಬಹುದು, ಆದರೆ ಅದು ಮದುವೆಯಂತೆ ಕಾಣಬಾರದು, ಅದಕ್ಕೆ ಪೂಜಾವಿಧಿ ಇರಬಾರದು ಎಂದು ಅದರಲ್ಲಿದೆ. ಇಷ್ಟಕ್ಕೇ ಆಫ್ರಿಕಾದ ಬಿಷಪರುಗಳು ನಮ್ಮಲ್ಲಿ ಆಗದು ಎಂದುಬಿಟ್ಟರು. 2025ರಲ್ಲಿ ಫ್ರಾನ್ಸಿಸ್ ತೀರಿಕೊಂಡ ಮೇಲೆ ಬಂದ ಪೋಪ್ ಲಿಯೋ ಅವರೂ ಮದುವೆಯ ಬೋಧನೆಯನ್ನು ಹಾಗೇ ಇಟ್ಟಿದ್ದಾರೆ. ಅಂದರೆ ಮಾತಿನ ದನಿ ಮೆತ್ತಗಾಗಿದೆ, ಬೋಧನೆ ಬದಲಾಗಿಲ್ಲ.

ಕ್ರೈಸ್ತರೆಲ್ಲ ಒಂದೇ ರೀತಿ ಯೋಚಿಸುತ್ತಾರೆ ಎಂದೂ ಅಂದುಕೊಳ್ಳಬೇಡಿ. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಂ ಉಳಿಯಲಿ ಎಂದು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವರಲ್ಲಿ ಕ್ರೈಸ್ತ ಸಂಘಟನೆಗಳೂ ಇದ್ದವು. 2013ರಲ್ಲಿ ಕೋರ್ಟು ಆ ಕಲಂ ಉಳಿಸಿದಾಗ, ಸಲಿಂಗಿಗಳನ್ನು ಚರ್ಚು ಯಾವತ್ತೂ ಅಪರಾಧಿಗಳೆಂದು ನೋಡಿಲ್ಲ ಎಂದು ಹೇಳಿದವರು ಮುಂಬೈಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್. ಮದುವೆಗೆ ವಿರೋಧ ಇದ್ದೂ ಜೈಲು ಬೇಡ ಎನ್ನುವುದು ಸಾಧ್ಯ ಎಂದು ಅವರು ತೋರಿಸಿದರು. ಪ್ರೊಟೆಸ್ಟಂಟರಲ್ಲಿ ಇನ್ನೂ ದೊಡ್ಡ ಅಂತರಗಳಿವೆ. 1834ರಲ್ಲಿ ಮಂಗಳೂರಿಗೆ ಬಂದು ಹಂಚಿನ ಕಾರ್ಖಾನೆ, ಶಾಲೆ, ಛಾಪಖಾನೆ ಕಟ್ಟಿದ ಬಾಸೆಲ್ ಮಿಷನ್ ಸ್ವಿಟ್ಜರ್‌ಲ್ಯಾಂಡಿನದು. ಆ ದೇಶದ ಪ್ರೊಟೆಸ್ಟಂಟ್ ಚರ್ಚುಗಳ ಒಕ್ಕೂಟ 2019ರಲ್ಲಿ ಸಲಿಂಗ ಮದುವೆಯ ಪರ ನಿಂತಿತು. 2021ರಲ್ಲಿ ಜನಮತದಲ್ಲಿ 64 ಶೇಕಡಾ ಮಂದಿ ಹೌದು ಎಂದರು. ಅದೇ ಮಿಷನ್ನಿನ ಬೇರಿನಿಂದ ಬಂದ ನಮ್ಮ ಕಡೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಇವತ್ತೂ ಅಂಥ ಮದುವೆ ನಡೆಯುವುದಿಲ್ಲ. ನಿಮ್ಮ ಮಗ ಇರುವ ಕೆನಡಾದಲ್ಲಿ ಯುನೈಟೆಡ್ ಚರ್ಚ್ ಆಫ್ ಕೆನಡಾ ಇಂಥ ಮದುವೆ ನಡೆಸಿಕೊಡುತ್ತದೆ, ಕೆಥೋಲಿಕ್ ಚರ್ಚು ನಡೆಸುವುದಿಲ್ಲ. ಒಪ್ಪದ ಧರ್ಮಗುರುಗಳನ್ನು ಬಲವಂತ ಮಾಡುವಂತಿಲ್ಲ ಎಂದು ಅಲ್ಲಿಯ 2005ರ ಮದುವೆ ಕಾನೂನಿನಲ್ಲೇ ಬರೆದಿದ್ದಾರೆ.

ಬೈಬಲ್ ವಚನಗಳನ್ನು ಯಾರಾದರೂ ನಿಮ್ಮ ಮುಂದೆ ಹಿಡಿಯುತ್ತಾರೆ, ಅದಕ್ಕೂ ತಯಾರಿರಿ. ಸಾಮಾನ್ಯವಾಗಿ ಮೊದಲು ಬರುವುದು ಸೊದೋಮ್, ಪಾಪಕ್ಕಾಗಿ ದೇವರು ನಾಶ ಮಾಡಿದ ಊರಿನ ಕತೆ. ಆದರೆ ಯೆಹೆಜ್ಕೇಲನ ಗ್ರಂಥದ 16ನೇ ಅಧ್ಯಾಯ, 49ನೇ ವಚನ ತೆಗೆದು ನೋಡಿ. ಸೊದೋಮಿನ ಪಾಪ ಯಾವುದು ಎಂದು ಅಲ್ಲೇ ಹೇಳಿದೆ: ಸೊಕ್ಕು, ಹೊಟ್ಟೆತುಂಬ ಅನ್ನ ಇದ್ದೂ ಬಡವರ ಕೈಹಿಡಿಯದೇ ಇದ್ದದ್ದು. ಯಾಜಕಕಾಂಡದ 18ನೇ ಅಧ್ಯಾಯದ ವಚನ ನೇರವಾಗಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದೇ ಗ್ರಂಥದ 11ನೇ ಅಧ್ಯಾಯದಲ್ಲಿ ಹಂದಿ ಮಾಂಸ ತಿನ್ನಬಾರದು ಎಂದೂ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಆಹಾರದ ನಿಯಮ ಬೇರೆ, ನೀತಿಯ ನಿಯಮ ಬೇರೆ ಎಂದು ಚರ್ಚಿನ ಪಂಡಿತರು ಉತ್ತರ ಕೊಡುತ್ತಾರೆ. ರೋಮನರಿಗೆ ಪೌಲ ಬರೆದ ಪತ್ರದ ಮೊದಲ ಅಧ್ಯಾಯ ಹೇಳುತ್ತಿರುವುದು ಇವತ್ತಿನಂಥ ಬಾಳಸಂಗಾತಿಗಳ ಬಗ್ಗೆಯೋ, ಆ ಕಾಲದ ಬೇರೆ ನಡವಳಿಕೆಯ ಬಗ್ಗೆಯೋ ಎಂದು ಪಂಡಿತರು ಇನ್ನೂ ಜಗಳಾಡುತ್ತಿದ್ದಾರೆ. ಊಟದ ಮೇಜಿನಲ್ಲಿ ಆ ಜಗಳ ಮುಗಿಯುವುದಿಲ್ಲ. ನೀವು ಅದಕ್ಕೆ ಇಳಿಯಬೇಡಿ. ‘ನಾನು ಅವನ ತಾಯಿ, ಫಾದರ್ ಹತ್ತಿರ ನಾನೇ ಮಾತಾಡುತ್ತೇನೆ’ ಎಂದು ಎದ್ದುಬಿಡಿ.

ನೀವು ಪರಮಪ್ರಸಾದ ಬಿಟ್ಟಿರುವುದನ್ನು ಓದಿ ನನಗೆ ತುಂಬಾ ಬೇಜಾರಾಯಿತು. ಮಗ ಗೇ ಆಗಿರುವುದು ನಿಮ್ಮ ಪಾಪ ಅಲ್ಲ. ಗೇ ಆಗಿರುವುದು, ಅಂದರೆ ಆ ಒಲವು ಇರುವುದು ಮಾತ್ರಕ್ಕೆ, ಚರ್ಚಿನ ಬೋಧನೆಯಂತೆಯೇ ಅವನಿಗೂ ಪಾಪ ಅಲ್ಲ. ಅವನನ್ನು ಪ್ರೀತಿಸುವುದಂತೂ ಯಾವ ಲೆಕ್ಕದಲ್ಲೂ ಪಾಪ ಆಗದು. ನಿಮ್ಮನ್ನು ಯಾರೂ ತಡೆದಿಲ್ಲ, ನೀವೇ ತಡೆದುಕೊಂಡಿದ್ದೀರಿ. ಪಾಪನಿವೇದನೆಗೆ ಹೋಗಿ ಇದನ್ನು ಹೇಳಿಕೊಳ್ಳಿ. ಅಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ. ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರ ಮುಜುಗರ ಆದರೆ ಬೇರೆ ಚರ್ಚಿಗೆ ಹೋಗಿ, ಪೇಟೆಯಲ್ಲಿ ಧಾರ್ಮಿಕ ಸಭೆಗಳ ಆಶ್ರಮಗಳಿವೆ. ಒಬ್ಬ ಗುರು ಗದರಿದರೆ ಅದೇ ಕೊನೆಯ ಮಾತು ಎಂದುಕೊಂಡು ವಾಪಸ್ ಬರಬೇಡಿ, ಇನ್ನೊಬ್ಬರನ್ನು ಕೇಳಿ. ಗುರುಗಳ ನಡುವೆಯೂ ಈ ವಿಷಯದಲ್ಲಿ ತುಂಬಾ ವ್ಯತ್ಯಾಸವಿದೆ.

ಹೊರಗೆ ಹಾಕುತ್ತಾರಾ ಎಂದು ಕೇಳಿದ್ದೀರಿ. ಚರ್ಚಿನ ಕಾನೂನು ಸಂಹಿತೆಯಲ್ಲಿ ಬಹಿಷ್ಕಾರಕ್ಕೆ ಕಾರಣವಾಗುವ ಅಪರಾಧಗಳ ಪಟ್ಟಿ ಇದೆ. ಮಗನ ಇಂಥ ಮದುವೆಗೆ ಹೋಗುವುದು ಅದರಲ್ಲಿಲ್ಲ. ಸ್ಮಶಾನದ ಭಯವನ್ನೂ ಬಿಟ್ಟುಬಿಡಿ. ಚರ್ಚಿನ ಅಂತ್ಯವಿಧಿ ಯಾರಿಗೆ ಇಲ್ಲ ಎಂಬುದಕ್ಕೂ ನಿಯಮ ಇದೆ. ವಿಶ್ವಾಸವನ್ನೇ ಬಹಿರಂಗವಾಗಿ ತೊರೆದವರು ಮುಂತಾದವರಿಗೆ ಅದು ಅನ್ವಯಿಸುತ್ತದೆ, ಮಗನ ಮದುವೆ ನೋಡಿದ ತಾಯಿಗಲ್ಲ. ವಾಳೆಯ, ಅಂದರೆ ಚರ್ಚಿನ ವಾರ್ಡಿನ, ಜನ ಮಾತಾಡುವುದಿಲ್ಲ ಎಂದು ನಾನು ಹೇಳಲಾರೆ. ಮಾತಾಡುತ್ತಾರೆ. ವಾಳೆಯ ಮುಖ್ಯಸ್ಥರಾದ ಗುರಿಕಾರರ ಮನೆಯ ತೇರ್ಸ್‌ಗೆ ನೀವು ಹೋದಾಗ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಾಗಬಹುದು. ಆದರೆ ಜನರ ಮಾತು ಬೇರೆ, ಚರ್ಚಿನ ಶಿಕ್ಷೆ ಬೇರೆ. ಎರಡನ್ನೂ ಒಂದು ಮಾಡಿಕೊಂಡು ಹೆದರಬೇಡಿ.

ಈ ಭಯ ನಮ್ಮ ಕಡೆ ಯಾಕಿಷ್ಟು ಗಟ್ಟಿ ಎಂಬುದು ನನಗೆ ಗೊತ್ತು. ನಮ್ಮಲ್ಲಿ ಮದುವೆ ಅಂದರೆ ಎರಡು ಜೀವದ ವಿಷಯ ಮಾತ್ರ ಅಲ್ಲ. ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಓದಬೇಕು. ಮನೆಯಂಗಳದಲ್ಲಿ ಚಪ್ಪರ ಹಾಕಿ ಮದುವೆಗೆ ಮುಂಚಿನ ರೋಸ್ ಶಾಸ್ತ್ರ ಮಾಡಬೇಕು. ತೆಂಗಿನ ಹಾಲು ಮೊದಲು ಹಚ್ಚುವವಳು ತಾಯಿ. ಆ ದಿನಕ್ಕೆ ಅಂತ ನೀವು ಎಷ್ಟೋ ವರ್ಷದಿಂದ ಮನಸ್ಸಿನಲ್ಲೇ ಸೀರೆ ಆರಿಸಿ ಇಟ್ಟಿರುತ್ತೀರಿ. ಅದೆಲ್ಲ ಒಂದೇ ರಾತ್ರಿಗೆ ಇಲ್ಲವಾಯಿತು. ನಿಮಗೂ ನಿಮ್ಮ ಯಜಮಾನರಿಗೂ ಆಗಿರುವುದು ನಿಜವಾದ ದುಃಖ. ಅದನ್ನು ದುಃಖ ಎಂದೇ ಒಪ್ಪಿಕೊಳ್ಳಿ, ಅಳಬೇಕು ಅನಿಸಿದರೆ ಅಳಿ. ದುಃಖವನ್ನು ಒಪ್ಪಿಕೊಳ್ಳದ ಗಂಡಸರಲ್ಲಿ ಅದು ಸಿಟ್ಟಾಗುತ್ತದೆ, ಇಲ್ಲವೇ ಮಾತು ನಿಂತುಹೋಗುತ್ತದೆ. ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಅದೇ ಇರಬೇಕು.

ಕಾನೂನಿನ ಮಾತಿಗೆ ಬರೋಣ. ಬ್ರಿಟಿಷರು 1860ರ ದಂಡ ಸಂಹಿತೆಯಲ್ಲಿ ತಂದ 377ನೇ ಕಲಂ, ಒಪ್ಪಿಗೆಯಿರುವ ವಯಸ್ಕರಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿತು. 2024ರ ಜುಲೈಯಿಂದ ಬಂದ ಹೊಸ ಸಂಹಿತೆಯಲ್ಲಿ ಆ ಕಲಂ ಇಲ್ಲವೇ ಇಲ್ಲ. ಹಾಗಾಗಿ ಅವರಿಬ್ಬರೂ ನಿಮ್ಮ ಮನೆಗೆ ಬಂದು ಉಳಿದರೆ ಯಾವ ಅಪರಾಧವೂ ಅಲ್ಲ. ಆದರೆ ಮದುವೆಯ ಹಕ್ಕು ಇನ್ನೂ ಇಲ್ಲ. ಸಲಿಂಗಿ ಜೋಡಿಗಳು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ನೋಂದಣಿ ಕೇಳಿದ್ದರು. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ, ಅದು ಸಂಸತ್ತು ಮಾಡಬೇಕಾದ ಕೆಲಸ ಎಂದಿತು. ಮದುವೆಯಲ್ಲದಿದ್ದರೂ ಜೊತೆಬಾಳುವೆಗೆ ಕಾನೂನಿನ ಮನ್ನಣೆ ಕೊಡಬೇಕು ಎಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಹೇಳಿದರು, ಉಳಿದ ಮೂವರು ಒಪ್ಪಲಿಲ್ಲ. ಮರುಪರಿಶೀಲನೆ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು.

ಅದರ ಅರ್ಥ ಇಷ್ಟು. ಟೊರೊಂಟೊದಲ್ಲಿ ಅವರು ಪೂರ್ತಿ ದಂಪತಿಗಳು. ಆಸ್ಪತ್ರೆ, ತೆರಿಗೆ, ಆಸ್ತಿ, ಪಿಂಚಣಿ ಎಲ್ಲದರಲ್ಲೂ ಅಷ್ಟೇ. ವಿಮಾನ ಇಳಿದು ಇಲ್ಲಿಗೆ ಬಂದರೆ ಕಾನೂನಿನ ಕಣ್ಣಿಗೆ ಅವರು ಇಬ್ಬರು ಸ್ನೇಹಿತರು. ಮಗನಿಗೆ ಇಲ್ಲಿ ಬ್ಯಾಂಕ್ ಖಾತೆ, ಜಾಗ ಇದ್ದರೆ ಮದುವೆಯಾದ ಮೇಲೆ ಒಂದು ವಿಲ್ ಬರೆದಿಡಲು ಹೇಳಿ. ‘ಆದ ಮೇಲೆ’ ಎಂದು ಸುಮ್ನೆ ಹೇಳುತ್ತಿಲ್ಲ. ಕ್ರೈಸ್ತರಿಗೆ ಅನ್ವಯಿಸುವ 1925ರ ಉತ್ತರಾಧಿಕಾರ ಕಾಯ್ದೆಯಲ್ಲಿ, ಮದುವೆಯಾದರೆ ಅದಕ್ಕೆ ಮೊದಲು ಬರೆದ ವಿಲ್ ರದ್ದಾಗುತ್ತದೆ. ಇಂಥ ಮದುವೆಗೆ ಅದು ಅನ್ವಯಿಸುತ್ತದೋ ಇಲ್ಲವೋ ಎಂಬ ತಕರಾರಿಗೆ ಅವಕಾಶವೇ ಬೇಡ. ಬ್ಯಾಂಕಿನಲ್ಲಿ ಸಂಗಾತಿಯನ್ನು ನಾಮಿನಿ ಮಾಡಲು ತಡೆ ಇಲ್ಲ ಎಂದು ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟ ಮಾಡಿದೆ.

ಈಗ ಹೋಗುವುದಾ ಬೇಡವಾ? ತೀರ್ಮಾನ ನಿಮ್ಮದು. ನನಗೆ ಕಂಡ ದಾರಿಗಳನ್ನು ಹೇಳುತ್ತೇನೆ.

ಹೋಗಿ, ಜೊತೆಗೆ ನಿಂತು, ಸಾಕ್ಷಿ ಸಹಿಯೂ ಹಾಕಬಹುದು. ಮಗನಿಗೆ ಇದಕ್ಕಿಂತ ದೊಡ್ಡ ಸಂತೋಷ ಇಲ್ಲ. ಆದರೆ ನಿಮ್ಮ ವಿಶ್ವಾಸದ ಕಡೆಯಿಂದ ನೋಡಿದರೆ ಹೆಚ್ಚು ಕಷ್ಟದ ಜಾಗವೂ ಇದೇ. ಮದುವೆಗೆ ಬಂದು ಕೂರುವುದನ್ನು ತಾಯಿಯ ಪ್ರೀತಿ ಎಂದು ನೋಡುವ ಗುರುಗಳೂ, ಸಹಿ ಹಾಕಿದರೆ ಆ ಮದುವೆಯನ್ನು ಅನುಮೋದಿಸಿದಂತೆ ಎನ್ನಬಹುದು. ನಿಮ್ಮ ಮನಸ್ಸೇ ಆಮೇಲೆ ನಿಮ್ಮನ್ನು ಚುಚ್ಚುವುದಾದರೆ ಇದು ಬೇಡ.

ಹೋಗಿ, ಸಹಿ ಮಾತ್ರ ಬೇರೆಯವರು ಹಾಕಲಿ ಎನ್ನಬಹುದು. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಇಬ್ಬರು ಸಾಕ್ಷಿಗಳು ಬೇಕು, ಸ್ನೇಹಿತರು ಸಾಕು. ‘ಮಗಾ, ನಾನು ಬರುತ್ತೇನೆ, ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಸಹಿ ಹಾಕಲು ನನ್ನ ಮನಸ್ಸು ಇನ್ನೂ ಒಪ್ಪುತ್ತಿಲ್ಲ, ಅದಕ್ಕೆ ಬಲವಂತ ಮಾಡಬೇಡ’ ಎಂದು ನೇರವಾಗಿ ಹೇಳಿ. ಅವನಿಗೆ ಸ್ವಲ್ಪ ನೋವಾಗುತ್ತದೆ. ಆದರೆ ಕಾರಣ ತಿಳಿದ ನೋವು ಬೇಗ ಮಾಯುತ್ತದೆ. ನಿಮ್ಮ ಪತ್ರ ಓದಿದಾಗ ನಿಮಗೆ ಹೊಂದುವುದು ಈ ದಾರಿಯೇ ಎಂದು ನನಗೆ ಅನ್ನಿಸಿತು.

ಮದುವೆಗೆ ಹೋಗದೆ, ಸಂಬಂಧ ಮಾತ್ರ ಬಿಡದೆ ಇರಬಹುದು. ಆ ದಿನ ವಿಡಿಯೊ ಕಾಲ್ ಮಾಡಿ ಇಬ್ಬರ ಹತ್ತಿರವೂ ಮಾತಾಡುವುದು, ಆಮೇಲೆ ಇಬ್ಬರನ್ನೂ ಮನೆಗೆ ಕರೆಯುವುದು. ಇದರ ಅಪಾಯ ಏನೆಂದರೆ, ಆ ದಿನ ಮತ್ತೆ ಬರುವುದಿಲ್ಲ. ಫೋಟೊದಲ್ಲಿ ಅಮ್ಮ ಇಲ್ಲ ಎಂಬುದು ಅವನ ಮನಸ್ಸಿನಲ್ಲಿ ಉಳಿಯುತ್ತದೆ. ಹೀಗೆ ಮಾಡಿ ವರ್ಷಗಳ ಮೇಲೆ ಪರಿತಪಿಸಿದ ತಾಯಂದಿರು ನನ್ನ ಹತ್ತಿರ ಬಂದಿದ್ದಾರೆ. ಹೋಗಿ ಪರಿತಪಿಸಿದವರನ್ನು ನಾನು ಕಂಡದ್ದು ಕಡಿಮೆ.

ಪೂರ್ತಿ ಮಾತು ಬಿಡುವ ದಾರಿಯನ್ನು ನಾನು ದಾರಿ ಎನ್ನುವುದಿಲ್ಲ. 2009ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಮನೆಯವರು ತೀರಾ ದೂರ ಮಾಡಿದ ಸಲಿಂಗಿ ಯುವಜನರಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸಿದವರು ಮನೆಯವರು ದೂರ ಮಾಡದ ಅಥವಾ ಕಡಿಮೆ ದೂರ ಮಾಡಿದವರಿಗಿಂತ ತುಂಬಾ ಹೆಚ್ಚು. ನಿಮ್ಮ ಮಗ ದೊಡ್ಡವನು, ಅವನಿಗೆ ಸಂಗಾತಿ ಇದ್ದಾನೆ, ಕೆಲಸ ಇದೆ. ಆದರೂ ಅಪ್ಪನ ಮೌನ ಅವನಿಗೆ ಏನೂ ಮಾಡುವುದಿಲ್ಲ ಎಂದುಕೊಳ್ಳಬೇಡಿ.

ಯಜಮಾನರ ಜೊತೆ ವಾದ ಮಾಡಬೇಡಿ. ನಾನು ಮೇಲೆ ಹೇಳಿದ 2358ನೇ ಪರಿಚ್ಛೇದವನ್ನು ಒಂದು ದಿನ ಅವರೇ ಓದುವ ಹಾಗೆ ಮೇಜಿನ ಮೇಲೆ ಇಡಿ. ಭಾನುವಾರ ಮಗನಿಗೆ ಫೋನ್ ಮಾಡುವಾಗ ಸ್ಪೀಕರ್ ಹಾಕಿ, ಅದೇ ಕೋಣೆಯಲ್ಲಿ. ಅವರು ಎದ್ದು ಹೋದರೆ ಹೋಗಲಿ. ಅವರಿಗೆ ನಂಬಿಕೆಯಿರುವ ಒಬ್ಬ ಗುರುಗಳೋ ಹಳೆಯ ಸ್ನೇಹಿತರೋ ಇದ್ದರೆ ಅವರಿಗೆ ಹೇಳಿ. ಗಂಡಸರು ಹೆಂಡತಿಯ ಮಾತಿಗಿಂತ ಮೂರನೆಯವರ ಮಾತಿಗೆ ಬೇಗ ಕರಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ರಾತ್ರಿ ನಿದ್ದೆ ಬರದಿದ್ದರೆ, ಜೀವ ಬೇಡ ಎಂಬ ಮಾತು ಮನೆಯಲ್ಲಿ ಯಾರ ಬಾಯಲ್ಲಿ ಬಂದರೂ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಇಂಥ ಮಕ್ಕಳ ತಂದೆತಾಯಿಗಳೇ ಸೇರಿ ಕಟ್ಟಿಕೊಂಡ ‘ಸ್ವೀಕಾರ್’ ಎಂಬ ಬಳಗ ಇದೆ. ಅದೇ ಸ್ಥಿತಿ ದಾಟಿ ಬಂದ ಇನ್ನೊಬ್ಬ ತಾಯಿಯ ಜೊತೆ ಮಾತಾಡಿದರೆ ನನ್ನ ಈ ಉದ್ದ ಉತ್ತರಕ್ಕಿಂತ ಜಾಸ್ತಿ ಧೈರ್ಯ ಬರುತ್ತದೆ.

ಮಗಳ ಸಂಬಂಧದ ಬಗ್ಗೆ: ಒಂದೆರಡು ಕಡೆಯವರು ಹಿಂದೆ ಸರಿಯಬಹುದು. ಅದನ್ನು ಇಲ್ಲ ಎನ್ನಲಾರೆ. ಆದರೆ ಮುಚ್ಚಿಟ್ಟು ನಿಶ್ಚಿತಾರ್ಥ ಮಾಡಿದರೆ ಆಮೇಲೆ ಗೊತ್ತಾಗುವುದು ಅವಳ ಗಂಡನ ಮನೆಯಲ್ಲಿ, ಮಾತು ಕೇಳುವವಳು ಅವಳೇ. ಯಾವಾಗ, ಯಾರಿಗೆ ಹೇಳಬೇಕು ಎಂದು ನೀವು ತೀರ್ಮಾನ ಮಾಡಬೇಡಿ. ಹುಡುಗನ ಜೊತೆ ಎರಡು ಸಲ ಮಾತಾಡಿದ ಮೇಲೆ ಮಗಳೇ ಹೇಳಲಿ, ಅಣ್ಣನ ಒಪ್ಪಿಗೆ ಕೇಳಿ. ಅಣ್ಣನ ಪರ ನಿಲ್ಲುವ ಹುಡುಗಿ ಅವಳು ಎಂದು ನಿಮ್ಮ ಪತ್ರದಲ್ಲೇ ಗೊತ್ತಾಗುತ್ತದೆ.

ಒಂದು ಕೆಲಸ ಮಾತ್ರ ಈ ವಾರವೇ ಮಾಡಿ. ಕೆನಡಾದ ವಿಸಿಟರ್ ವೀಸಾಕ್ಕೆ ಅರ್ಜಿ ಹಾಕಬೇಕು, ಬೆರಳಚ್ಚು ಕೊಡಬೇಕು, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಪಾಸ್‌ಪೋರ್ಟ್ ಅವಧಿ ನೋಡಿಕೊಳ್ಳಿ. ಮಗನ ಹತ್ತಿರ ಆಹ್ವಾನ ಪತ್ರ ತರಿಸಿಕೊಳ್ಳಿ. ಅದರಲ್ಲಿ ನಿಮ್ಮ ಹೆಸರಿನ ಜೊತೆ ಯಜಮಾನರ ಹೆಸರನ್ನೂ ಬರೆಯಲು ಹೇಳಿ, ಅರ್ಜಿಯನ್ನೂ ಇಬ್ಬರದ್ದೂ ಹಾಕಿ. ವೀಸಾ ಬಂತೆಂದು ಹೋಗಲೇಬೇಕೆಂದಿಲ್ಲ. ಆದರೆ ಆಗಸ್ಟಿನಲ್ಲಿ ಅವರ ಮನಸ್ಸು ತಿರುಗಿದರೆ ಆವಾಗ ಅರ್ಜಿ ಹಾಕಿ ಪ್ರಯೋಜನವಿಲ್ಲ.